ಕಿರ್ಬಿಯವರು ಬರೆದ ಮುಷ್ಟಿ ಏಕಷ್ಟು ದೊಡ್ಡದು?

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಕ್ಯಾಪ್ಟನ್ ಅಮೆರಿಕ ಕಾಮಿಕ್ಸಿನ ಮೊದಲ ಮುಖಪುಟದ ಬಗ್ಗೆ ಒಂದು ಚಿಕ್ಕ ಉತ್ತರ ಬರೆದಿದ್ದೆ. ನಾಯಕನು ಹಿಟ್ಲರನ ದವಡೆಗೆ ಗುದ್ದುವ ಆ ಚಿತ್ರವನ್ನು ಬರೆದ ಜ್ಯಾಕ್ ಕಿರ್ಬಿಯವರ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದು ಅನೇಕರಿಗೆ ಸಾಲದೆನಿಸಿದೆಯೆಂದು ಬಂದ ಪತ್ರಗಳಿಂದ ತಿಳಿಯಿತು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಮಾರ್ವೆಲ್ ಸಿನಿಮಾಗಳ ಕೊನೆಯಲ್ಲಿ ಸ್ಟಾನ್ ಲೀ ಅವರ ಹೆಸರಿನ ಜೊತೆಗೆ ಜ್ಯಾಕ್ ಕಿರ್ಬಿ ಎಂಬ ಹೆಸರೂ ಬರುತ್ತದೆ. ಲೀ ಅವರ ಮುಖ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಈ ಇನ್ನೊಬ್ಬರು ಯಾರು, ಎಲ್ಲಿಂದ ಬಂದವರು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅವರ ಹುಟ್ಟುಹೆಸರು ಜೇಕಬ್ ಕರ್ಟ್ಸ್‌ಬರ್ಗ್. 1917ರ ಆಗಸ್ಟ್ 28ರಂದು ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ಕಿಕ್ಕಿರಿದ ಬಡಾವಣೆಯಲ್ಲಿ, ಆಸ್ಟ್ರಿಯಾದಿಂದ ವಲಸೆ ಬಂದಿದ್ದ ಯಹೂದಿ ದಂಪತಿಯ ಮಗನಾಗಿ ಹುಟ್ಟಿದರು. ತಂದೆ ಬಟ್ಟೆ ಹೊಲಿಯುವ ಕಾರ್ಖಾನೆಯ ಕೆಲಸಗಾರ. ಓಣಿ ಓಣಿಗಳ ಹುಡುಗರು ಗುಂಪು ಕಟ್ಟಿಕೊಂಡು ಬಡಿದಾಡುವುದು ಅಲ್ಲಿ ದಿನನಿತ್ಯದ ಸಂಗತಿಯಾಗಿತ್ತು. ಆ ಬಡಿದಾಟಗಳಲ್ಲಿ ತಾವೂ ಕೈ ಸೇರಿಸುತ್ತಿದ್ದುದನ್ನು ಕಿರ್ಬಿ ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಚಿತ್ರಕಲೆಯ ಶಾಲಾ ಶಿಕ್ಷಣ ಅವರಿಗೆ ದೊರೆತದ್ದು ಇಲ್ಲವೆನ್ನುವಷ್ಟು ಕಡಿಮೆ. ಪ್ರ್ಯಾಟ್ ಇನ್‌ಸ್ಟಿಟ್ಯೂಟಿಗೆ ಸೇರಿ ಸುಮಾರು ಒಂದು ವಾರದಲ್ಲಿಯೇ ಬಿಟ್ಟುಬಂದರು. ಅವರ ನಿಜವಾದ ಗುರುಗಳೆಂದರೆ ದಿನಪತ್ರಿಕೆಗಳ ಚಿತ್ರಕಥೆಗಳು, ಅಂದರೆ ಮಿಲ್ಟನ್ ಕ್ಯಾನಿಫ್, ಹಾಲ್ ಫಾಸ್ಟರ್ ಮತ್ತು ಅಲೆಕ್ಸ್ ರೇಮಂಡ್ ಅವರ ಕೆಲಸ. ಈ ರೇಮಂಡ್ ಅವರ ಫ್ಲ್ಯಾಶ್ ಗೋರ್ಡನ್ ಎಂಬ ಪಾತ್ರವನ್ನು ನಮ್ಮಲ್ಲಿ ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರು ಬಲ್ಲರು.

ಮೊದಲ ದೊಡ್ಡ ನೌಕರಿ ಸಿಕ್ಕಿದ್ದು ಪಾಪೈ ಎಂಬ ಕಾರ್ಟೂನು ತಯಾರಿಸುತ್ತಿದ್ದ ಫ್ಲೈಷರ್ ಸ್ಟುಡಿಯೋದಲ್ಲಿ. ಹಿರಿಯ ಕಲಾವಿದರು ಒಂದು ಚಲನೆಯ ಆರಂಭ ಮತ್ತು ಕೊನೆಯ ಭಂಗಿಗಳನ್ನು ಬರೆದುಕೊಟ್ಟರೆ, ನಡುವಿನ ಚಿತ್ರಗಳನ್ನು ತುಂಬುವುದು ಇವರ ಪಾಲಿನ ಕೆಲಸ. ಅಪ್ಪ ಅಂಗಿಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಗೂ ಚಿತ್ರಗಳನ್ನು ತಯಾರಿಸುವ ಈ ಕಾರ್ಖಾನೆಗೂ ವ್ಯತ್ಯಾಸವಿಲ್ಲವೆನಿಸಿ ಅದನ್ನೂ ಬಿಟ್ಟರು. ಹೀಗಿದ್ದರೂ ಆ ದುಡಿಮೆಯಿಂದ ಅವರ ಕೈಗೆ ಒಂದು ವಿದ್ಯೆ ಹತ್ತಿತೆಂಬುದು ನನ್ನ ಅನಿಸಿಕೆ. ಅದನ್ನು ಮುಂದಿನ ಉತ್ತರದಲ್ಲಿ ಹೇಳುತ್ತೇನೆ.

ಆ ಬಳಿಕ ಜೋ ಸೈಮನ್ ಎಂಬ ಜೊತೆಗಾರ ದೊರೆತರು. ಇಬ್ಬರೂ ಸೇರಿ, ಮುಂದೆ ಮಾರ್ವೆಲ್ ಆದ ಟೈಮ್ಲಿ ಸಂಸ್ಥೆಗಾಗಿ ರೂಪಿಸಿದ ಕ್ಯಾಪ್ಟನ್ ಅಮೆರಿಕನ ಮೊದಲ ಸಂಚಿಕೆ, 1941ರ ಮಾರ್ಚ್ ಎಂಬ ತಾರೀಖನ್ನು ಹೊತ್ತು 1940ರ ಡಿಸೆಂಬರಿನಲ್ಲಿಯೇ ಅಂಗಡಿಗಳಿಗೆ ಬಂದಿತು. ಅಮೆರಿಕ ಯುದ್ಧಕ್ಕಿಳಿಯಲು ಇನ್ನೂ ಒಂದು ವರ್ಷವಿತ್ತು ಎಂಬುದನ್ನು ಗಮನಿಸಬೇಕು. ಹಿಟ್ಲರನನ್ನು ಕಾಗದದ ಮೇಲೆ ಹೊಡೆದ ಕಿರ್ಬಿಯವರನ್ನು 1943ರಲ್ಲಿ ಸೈನ್ಯ ಕರೆಸಿಕೊಂಡಿತು. 1944ರ ಆಗಸ್ಟಿನಲ್ಲಿ ಅವರು ನಾರ್ಮಂಡಿಯ ತೀರದಲ್ಲಿ ಇಳಿದರು. ಚಿತ್ರಕಾರನೆಂದು ತಿಳಿದ ಅಧಿಕಾರಿಯೊಬ್ಬರು, ಶತ್ರುವಿರುವ ಊರುಗಳಿಗೆ ಮುಂದಾಗಿ ಹೋಗಿ ನಕ್ಷೆ ಬರೆದು ತರುವ ಅಪಾಯದ ಕೆಲಸವನ್ನು ಅವರಿಗೇ ವಹಿಸಿದರು. ಆ ಚಳಿಗಾಲದಲ್ಲಿ ಹಿಮಕ್ಕೆ ಸಿಕ್ಕಿ ಸೆಟೆದ ಕಾಲುಗಳನ್ನು ಕತ್ತರಿಸಬೇಕಾಗಬಹುದೆಂಬ ಹಂತ ಬಂದು, ಹೇಗೋ ಉಳಿದವು.

ಯುದ್ಧದ ನಂತರ, 1947ರಲ್ಲಿ, ಸೈಮನ್ ಮತ್ತು ಕಿರ್ಬಿ ಅಮೆರಿಕದ ಮೊದಲ ಪ್ರೇಮಕಥೆಗಳ ಕಾಮಿಕ್ಸನ್ನು ಆರಂಭಿಸಿದರು. ಮುಂಗಡ ತೆಗೆದುಕೊಳ್ಳದೆ ಲಾಭದಲ್ಲಿ ಅರ್ಧ ಪಾಲು ಕೇಳಿ ಒಪ್ಪಂದ ಮಾಡಿಕೊಂಡದ್ದರಿಂದ ಕೈತುಂಬ ಹಣವನ್ನೂ ಕಂಡರು. ಕಿರ್ಬಿಯವರ ಬದುಕಿನಲ್ಲಿ ಇಂಥ ಒಪ್ಪಂದ ಅಪರೂಪವೆಂಬುದನ್ನು ಈಗಲೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು. 1954ರಲ್ಲಿ ಕಾಮಿಕ್ಸಿನಿಂದ ಮಕ್ಕಳು ಕೆಡುತ್ತಾರೆಂಬ ಕೂಗೆದ್ದು, ಪ್ರಕಾಶಕರು ತಮಗೆ ತಾವೇ ಕಟ್ಟುಪಾಡು ವಿಧಿಸಿಕೊಂಡರು. ಅನೇಕ ಸಂಸ್ಥೆಗಳು ಬಾಗಿಲು ಹಾಕಿದವು, ಜೋಡಿಯೂ ಬೇರೆಯಾಯಿತು. ಐವತ್ತರ ದಶಕದ ಕೊನೆಗೆ ಕಿರ್ಬಿ ಹಳೆಯ ಸಂಸ್ಥೆಗೆ ಮರಳಿದಾಗ ಅದು ಮುಚ್ಚುವ ಸ್ಥಿತಿಯಲ್ಲಿತ್ತು. ಅಲ್ಲಿ ದೈತ್ಯ ಪ್ರಾಣಿಗಳ ಕಥೆಗಳನ್ನು ಬರೆಯುತ್ತಿದ್ದವರಿಗೆ ನಲವತ್ತನಾಲ್ಕು ವರ್ಷವಾದಾಗ, 1961ರಲ್ಲಿ, ಫೆಂಟಾಸ್ಟಿಕ್ ಫೋರ್ ಹೊರಬಂದಿತು. ಎರಡೇ ವರ್ಷಗಳಲ್ಲಿ ಹಲ್ಕ್, ಥಾರ್, ಎಕ್ಸ್‌ಮೆನ್, ಅವೆಂಜರ್ಸ್ ಬಂದವು. ನಿಮ್ಮ ಮಕ್ಕಳು ಇಂದು ನೋಡುವ ಸಿನಿಮಾಗಳ ಬುಡ ಇರುವುದು ಆ ಎರಡು ವರ್ಷಗಳಲ್ಲಿ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಯೊಬ್ಬ ಕಿರ್ಬಿಯವರ ಚಿತ್ರಗಳನ್ನು ನಕಲು ಮಾಡಿ ತಂದು ತೋರಿಸುತ್ತಾನೆ. ಬೆರಳ ತುದಿಗಳು ಚೌಕವಾಗಿವೆ, ಸ್ನಾಯುಗಳು ಇರಬೇಕಾದ ಕಡೆ ಇಲ್ಲ, ಮುಂಗೈ ತಲೆಗಿಂತ ದೊಡ್ಡದಾಗಿದೆ. ಇದನ್ನು ಶ್ರೇಷ್ಠ ಕಲೆಯೆಂದು ಹೊಗಳುವುದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ನೀವು ಪಟ್ಟಿ ಮಾಡಿದ ತಪ್ಪುಗಳೆಲ್ಲವೂ ನಿಜ, ಅವನ್ನು ನಾನು ಅಲ್ಲಗಳೆಯುವುದಿಲ್ಲ. ಅಂಗರಚನೆಯ ಪಾಠಕ್ಕೆ ಕಿರ್ಬಿಯವರ ಪುಟಗಳನ್ನು ಯಾರೂ ಇಟ್ಟುಕೊಳ್ಳಬಾರದು. ಆದರೆ ಅವರು ಬರೆಯಲು ಹೊರಟದ್ದು ದೇಹವನ್ನಲ್ಲ, ದೇಹದೊಳಗಿಂದ ಹೊರಡುವ ಬಲವನ್ನು. ಹಾಗೆಂದು ಒಮ್ಮೆ ಒಪ್ಪಿಕೊಂಡರೆ ಆ ತಪ್ಪುಗಳಿಗೆ ಒಂದು ಲೆಕ್ಕಾಚಾರ ಕಾಣತೊಡಗುತ್ತದೆ. ಅವರ ನಾಯಕನು ಗುದ್ದುವಾಗ ಮುಷ್ಟಿಯು ಓದುಗನ ಕಡೆಗೆ ನುಗ್ಗಿ ಬರುತ್ತದೆ. ಹತ್ತಿರ ಬಂದದ್ದು ದೊಡ್ಡದಾಗಿ, ದೂರ ಉಳಿದದ್ದು ಚಿಕ್ಕದಾಗಿ ಕಾಣುವ ಸಹಜ ನಿಯಮವನ್ನೇ ಅವರು ಮಿತಿಮೀರಿ ಎಳೆದಿದ್ದಾರೆ. ಹಿಂದಿನ ಕಾಲು ಚೌಕಟ್ಟಿನ ಆಚೆಯ ಮೂಲೆಗೆ ಚಾಚಿರುತ್ತದೆ, ಮುಂದಿನ ಮುಷ್ಟಿ ಈಚೆಯ ಮೂಲೆಯನ್ನು ಒಡೆದುಕೊಂಡು ಬರುವಂತಿರುತ್ತದೆ, ಇವೆರಡರ ನಡುವೆ ಇಡೀ ಮೈ ಒಂದು ಬಾಣದಂತೆ ಓರೆಯಾಗಿ ನಿಂತಿರುತ್ತದೆ. ನಿಮ್ಮ ವಿದ್ಯಾರ್ಥಿಯ ನಕಲಿನಲ್ಲಿ ಆ ಓರೆಗೆರೆ ಉಳಿದಿದೆಯೇ ಎಂದು ನೋಡಿ. ಉಳಿದಿದ್ದರೆ ಹುಡುಗನಿಗೆ ವಿಷಯ ಅರ್ಥವಾಗಿದೆ, ಬರೀ ಚೌಕ ಬೆರಳುಗಳಷ್ಟೇ ಬಂದಿದ್ದರೆ ಚೇಷ್ಟೆಯನ್ನು ಕಲಿತಿದ್ದಾನೆ.

ಈಗ ಕಾರ್ಟೂನು ಸ್ಟುಡಿಯೋದ ವಿಷಯಕ್ಕೆ ಬರುತ್ತೇನೆ. ಗುದ್ದು ಮೈಗೆ ತಾಗುತ್ತಿರುವ ನಡುಗಳಿಗೆಯನ್ನು ಕಿರ್ಬಿ ಬರೆಯುವುದು ಕಡಿಮೆ. ಒಂದೋ ತೋಳು ಹಿಂದಕ್ಕೆ ಪೂರ್ತಿ ಸೆಳೆದುಕೊಂಡಿರುತ್ತದೆ, ಇಲ್ಲವೇ ಗುದ್ದು ಮುಗಿದು ಎದುರಾಳಿ ಹಾರಿಹೋಗುತ್ತಿರುತ್ತಾನೆ. ನಡುವಿನ ಚಿತ್ರಗಳನ್ನು ತುಂಬಿ ತುಂಬಿ ಬೇಸತ್ತವರು, ನಡುವನ್ನು ಓದುಗನ ಕಣ್ಣಿಗೇ ಬಿಟ್ಟು ಚಲನೆಯ ಎರಡು ತುದಿಗಳನ್ನಷ್ಟೇ ಕೊಡಲು ಕಲಿತರೆಂದು ನನಗೆ ಅನಿಸುತ್ತದೆ. ಎರಡು ಚೌಕಟ್ಟುಗಳ ನಡುವಿನ ಬಿಳಿಯ ಸಂದಿಯಲ್ಲಿ ಹೊಡೆತ ಬೀಳುತ್ತದೆ, ಅದನ್ನು ಹೊಡೆಯುವವರು ನಾವೇ.

ಇನ್ನೊಂದು ಕಾರಣ ಅಚ್ಚುಕೂಟದ್ದು. ಆಗಿನ ಕಾಮಿಕ್ಸುಗಳು ಅಗ್ಗದ ಪತ್ರಿಕಾ ಕಾಗದದ ಮೇಲೆ, ನಾಲ್ಕು ಬಣ್ಣಗಳಲ್ಲಿ, ಚುಕ್ಕಿ ಚುಕ್ಕಿಯಾಗಿ ಅಚ್ಚಾಗುತ್ತಿದ್ದವು. ಮೂಲ ಚಿತ್ರವನ್ನು ಬಹುಕಾಲ ಅಚ್ಚಿನ ಎರಡರಷ್ಟು ಅಳತೆಯಲ್ಲಿ ಬರೆದು, ಆಮೇಲೆ ಕುಗ್ಗಿಸಲಾಗುತ್ತಿತ್ತು. ನವಿರಾದ ಗೆರೆಗಳು ಆ ಕಾಗದದಲ್ಲಿ ಕಲಸಿಹೋಗುತ್ತಿದ್ದವು. ದಪ್ಪ ಕಪ್ಪು ಗೆರೆ, ಮಂಡಿಯ ಮೇಲೆ, ಕೆನ್ನೆಯ ಮೇಲೆ ಹೊಳೆಯುವ ಲೋಹದಂತೆ ಬೀಳುವ ಕಪ್ಪು ಪಟ್ಟಿ, ಇವು ಮಾತ್ರ ಉಳಿಯುತ್ತಿದ್ದವು. 1967ರ ಸುಮಾರಿಗೆ ಮೂಲ ಹಾಳೆಯ ಅಳತೆಯನ್ನೇ ಚಿಕ್ಕದು ಮಾಡಿದಾಗ ಅವರು ಪುಟಕ್ಕೆ ನಾಲ್ಕೇ ಚೌಕಟ್ಟುಗಳಿಗೆ ಇಳಿದರು, ಆಕೃತಿಗಳು ಇನ್ನಷ್ಟು ದೊಡ್ಡವಾದವು. ಕಲಾವಿದನ ಶೈಲಿಯೆಂದು ನಾವು ಕೊಂಡಾಡುವುದರಲ್ಲಿ ಹಾಳೆಯ ಅಳತೆಯ ಪಾಲೆಷ್ಟು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ವೇಗವನ್ನೂ ಸೇರಿಸಿಕೊಳ್ಳಬೇಕು. ಸಂಭಾವನೆ ಪುಟದ ಲೆಕ್ಕದಲ್ಲಿತ್ತು, ಮನೆಯಲ್ಲಿ ನಾಲ್ಕು ಮಕ್ಕಳಿದ್ದರು. ಬಿರುಸಿನ ದಿನಗಳಲ್ಲಿ ಅವರು ದಿನಕ್ಕೆ ಮೂರು, ಕೆಲವೊಮ್ಮೆ ನಾಲ್ಕು ಪುಟಗಳ ಪೆನ್ಸಿಲ್ ಕೆಲಸ ಮುಗಿಸುತ್ತಿದ್ದರು. ಮೊದಲು ಹಗುರವಾಗಿ ಗುರುತು ಹಾಕಿಕೊಂಡು ತಿದ್ದುವ ಪದ್ಧತಿ ಅವರದಾಗಿರಲಿಲ್ಲ. ಕಾಗದದ ಮೇಲೆ ಆಗಲೇ ಇರುವುದನ್ನು ಕಂಡು ತೆಗೆಯುವವರಂತೆ ನೇರವಾಗಿ ಬರೆದುಕೊಂಡು ಹೋಗುತ್ತಿದ್ದರೆಂದು ನೋಡಿದವರು ಹೇಳಿದ್ದಾರೆ.

ಅವರಿಗೆ ಸಾಧಾರಣ ಮನುಷ್ಯರನ್ನು ಬರೆಯಲು ಬರುತ್ತಿರಲಿಲ್ಲವೆಂದು ಮಾತ್ರ ದಯವಿಟ್ಟು ತೀರ್ಮಾನಿಸಬೇಡಿ. ಹತ್ತು ವರ್ಷಗಳ ಕಾಲ ಅವರು ಬರೆದ ಪ್ರೇಮಕಥೆಗಳಲ್ಲಿ ಹುಡುಗಿಯರು ಅಡುಗೆಮನೆಯಲ್ಲಿ ಕುಳಿತು ಅಳುತ್ತಾರೆ, ಗಂಡಸರು ಟೊಪ್ಪಿಗೆ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ, ಕೈಬೆರಳುಗಳು ಕೈಬೆರಳುಗಳಂತೆಯೇ ಇರುತ್ತವೆ. ಚೌಕ ಬೆರಳು ಅವರು ಆರಿಸಿಕೊಂಡದ್ದು.

ಪ್ರಶ್ನೆ: ಅವರ ಚಿತ್ರಗಳಲ್ಲಿ ಆಕಾಶದ ತುಂಬ ಕಪ್ಪು ಗುಳ್ಳೆಗಳು ಏಕೆ?
– ಓದುಗರೊಬ್ಬರು, ಕಾರವಾರ

ಉತ್ತರ: ಅವು ಶಕ್ತಿಯ ಚಿತ್ರ. ಸ್ಫೋಟ, ವಿಶ್ವಕಿರಣ, ಅಂತರಿಕ್ಷದ ಕುದಿತ, ಇಂಥ ಆಕಾರವಿಲ್ಲದ ಸಂಗತಿಗಳನ್ನು ಕಪ್ಪು ಬಿಳುಪಿನಲ್ಲಿ ತೋರಿಸಲು ಅವರು ಒಂದರ ಮೇಲೊಂದು ಬಿದ್ದ ಕಪ್ಪು ವೃತ್ತಗಳ ಗೊಂಚಲನ್ನು ಬಳಸಿದರು. ಕಪ್ಪು ಚುಕ್ಕಿಗಳ ನಡುವೆ ಉಳಿದ ಬಿಳಿಯೇ ಬೆಳಕಾಗಿ ಕಾಣುತ್ತದೆ. 1965–66ರ ಫೆಂಟಾಸ್ಟಿಕ್ ಫೋರ್ ಸಂಚಿಕೆಗಳಲ್ಲಿ ಇದು ಪಕ್ವವಾಯಿತು. ಅಭಿಮಾನಿಗಳು ಇದಕ್ಕೆ ‘ಕಿರ್ಬಿ ಕ್ರ್ಯಾಕಲ್’ ಎಂದು ಹೆಸರಿಟ್ಟರು, ಇಂದಿನ ಚಿತ್ರಕಾರರೂ ಇದನ್ನು ಬಳಸುತ್ತಾರೆ. ಅದೇ ಕಾಲದಲ್ಲಿ ಪತ್ರಿಕೆಗಳ ಫೋಟೋಗಳನ್ನು ಕತ್ತರಿಸಿ ಅಂಟಿಸಿ ಬೇರೆ ಲೋಕಗಳನ್ನು ಕಟ್ಟುವ ಪ್ರಯೋಗವನ್ನೂ ಮಾಡಿದರು. ಅಚ್ಚಿನಲ್ಲಿ ಅವು ಬೂದುಬಣ್ಣದ ಮಬ್ಬಾಗಿ ಬಂದವು.

ಪ್ರಶ್ನೆ: ಕಥೆ ಸ್ಟಾನ್ ಲೀ ಅವರದು, ಚಿತ್ರ ಕಿರ್ಬಿಯವರದು ಎಂದ ಮೇಲೆ ಪಾತ್ರಗಳನ್ನು ಸೃಷ್ಟಿಸಿದವರು ಯಾರೆಂಬ ಜಗಳಕ್ಕೆ ಎಡೆಯೆಲ್ಲಿದೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎಡೆಯಿರುವುದು ಅವರ ಕೆಲಸದ ಕ್ರಮದಲ್ಲಿ. ಸಾಮಾನ್ಯವಾಗಿ ಕಾಮಿಕ್ಸಿನಲ್ಲಿ ಲೇಖಕರು ಚೌಕಟ್ಟು ಚೌಕಟ್ಟಿಗೂ ಏನಿರಬೇಕೆಂದು ಬರೆದುಕೊಡುತ್ತಾರೆ. ಅರವತ್ತರ ದಶಕದ ಮಾರ್ವೆಲಿನಲ್ಲಿ ಲೀ ಅವರು ಸಂಪಾದಕರೂ ಲೇಖಕರೂ ಆಗಿ ಹತ್ತಾರು ಪುಸ್ತಕಗಳನ್ನು ಒಟ್ಟಿಗೆ ಎಳೆಯಬೇಕಾಗಿದ್ದುದರಿಂದ, ಕಥೆಯ ಎಳೆಯನ್ನು ಮಾತಿನಲ್ಲಿ ಚರ್ಚಿಸಿ ಚಿತ್ರಕಾರರಿಗೆ ಬಿಟ್ಟುಬಿಡುತ್ತಿದ್ದರು. ಇಪ್ಪತ್ತು ಪುಟಗಳಲ್ಲಿ ಯಾವ ಘಟನೆ ಎಲ್ಲಿ ಬರಬೇಕು, ಯಾರು ಯಾರನ್ನು ಎದುರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಿರ್ಬಿ ನಿರ್ಧರಿಸಿ, ಪುಟದ ಅಂಚಿನಲ್ಲಿ ಸನ್ನಿವೇಶದ ಟಿಪ್ಪಣಿಗಳನ್ನೂ ಬರೆದು ಕಳಿಸುತ್ತಿದ್ದರು. ಆ ಬಳಿಕ ಲೀ ಅವರು ಸಂಭಾಷಣೆ ತುಂಬುತ್ತಿದ್ದರು. ಹೀಗಿರುವಾಗ ‘ಕಥೆ’ ಎಂಬ ಮಾತು ಯಾರಿಗೆ ಸಲ್ಲಬೇಕು?

ಒಂದು ನಿದರ್ಶನ ಕೊಡುತ್ತೇನೆ. 1966ರಲ್ಲಿ ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್ ಎಂಬ ಪಾತ್ರದ ಕಥೆ ಮೂರು ಸಂಚಿಕೆಗಳಲ್ಲಿ ಬಂದಿತು. ಪುಟಗಳು ಕೈಗೆ ಬಂದಾಗ ಹಲಗೆಯೊಂದರ ಮೇಲೆ ನಿಂತು ಆಕಾಶದಲ್ಲಿ ತೇಲುವ ಬೆಳ್ಳಿಮೈಯ ವ್ಯಕ್ತಿಯೊಬ್ಬನನ್ನು ಕಂಡು ಲೀ ಅವರು ಇವನಾರೆಂದು ಕೇಳಿದರು. ಇಷ್ಟು ದೊಡ್ಡವನಿಗೆ ಮುಂದೆ ಸುದ್ದಿ ಹೊತ್ತು ಹೋಗುವ ದೂತನೊಬ್ಬ ಬೇಡವೇ ಎಂದು ಕಿರ್ಬಿ ಉತ್ತರಿಸಿದರು. ಸಿಲ್ವರ್ ಸರ್ಫರ್ ಹುಟ್ಟಿದ್ದು ಹಾಗೆ. ಇದನ್ನು ಲೀ ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಅದೇ ವರ್ಷದ ಬ್ಲ್ಯಾಕ್ ಪ್ಯಾಂಥರ್ ಪಾತ್ರಕ್ಕೂ ಕಿರ್ಬಿಯವರು ‘ಕೋಲ್ ಟೈಗರ್’ ಎಂಬ ಹೆಸರಿನಲ್ಲಿ ಬರೆದ ಮೊದಲ ಕರಡು ಚಿತ್ರ ಉಳಿದಿದೆ.

ಲೀ ಅವರನ್ನು ಕಳ್ಳರೆಂದು ಕರೆಯುವ ಅಭಿಮಾನಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಜಗಳಾಡುವ, ಬಾಡಿಗೆ ಕಟ್ಟಲು ಪರದಾಡುವ, ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವ ನಾಯಕರ ಆ ಮಾತಿನ ಲಯ ಅವರದೇ, ಕಿರ್ಬಿ ಒಬ್ಬರೇ ಬರೆದ ಸಂಭಾಷಣೆ ಎಷ್ಟೋ ಸಲ ಮರಗಟ್ಟಿದಂತಿರುತ್ತದೆ. ಆದರೆ ಸಂಚಿಕೆಯ ಮೊದಲ ಪುಟದಲ್ಲಿ ಒಬ್ಬರನ್ನು ಲೇಖಕರೆಂದೂ ಇನ್ನೊಬ್ಬರನ್ನು ಬರೀ ಚಿತ್ರಕಾರರೆಂದೂ ಅಚ್ಚು ಹಾಕಿದ್ದು ಆ ಕೆಲಸದ ನಿಜವಾದ ಹಂಚಿಕೆಯಾಗಿರಲಿಲ್ಲ. ಲೇಖಕನ ಸಂಭಾವನೆ ಯಾರಿಗೆ ಹೋಯಿತೆಂಬುದನ್ನೂ ಇದರ ಜೊತೆಗೇ ನೆನೆಯಬೇಕು.

ಪ್ರಶ್ನೆ: ವಿದೇಶದಿಂದ ಬಂಧುಗಳು ತಂದುಕೊಟ್ಟ, ಸೂಪರ್‌ಮ್ಯಾನನ ಗೆಳೆಯ ಜಿಮ್ಮಿ ಓಲ್ಸನ್ ಹೆಸರಿನ ಎಪ್ಪತ್ತರ ದಶಕದ ಕಾಮಿಕ್ಸೊಂದು ನನ್ನ ಬಳಿಯಿದೆ. ಅದರಲ್ಲಿ ಕಿರ್ಬಿಯವರ ಹೆಸರಿದ್ದರೂ ಸೂಪರ್‌ಮ್ಯಾನನ ಮುಖ ಬೇರೊಬ್ಬರು ಬರೆದಂತೆ ಕಾಣುತ್ತದೆ. ಇದು ನನ್ನ ಭ್ರಮೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಭ್ರಮೆಯಲ್ಲ, ನಿಮ್ಮ ಕಣ್ಣು ಚುರುಕಾಗಿದೆ. 1970ರಲ್ಲಿ ಕಿರ್ಬಿ ಮಾರ್ವೆಲ್ ಬಿಟ್ಟು ಪ್ರತಿಸ್ಪರ್ಧಿಯಾದ ಡಿಸಿ ಸಂಸ್ಥೆಗೆ ಹೋದರು. ಅಲ್ಲಿ ಬರೆಯುವುದು, ಚಿತ್ರಿಸುವುದು, ಸಂಪಾದಿಸುವುದು ಮೂರೂ ಅವರದೇ. ಜಿಮ್ಮಿ ಓಲ್ಸನ್ ಪುಸ್ತಕದ ಜೊತೆಗೆ ನ್ಯೂ ಗಾಡ್ಸ್, ಫಾರೆವರ್ ಪೀಪಲ್, ಮಿಸ್ಟರ್ ಮಿರಾಕಲ್ ಎಂಬ ಮೂರು ಹೊಸ ಮಾಲಿಕೆಗಳನ್ನು ಆರಂಭಿಸಿ, ನಾಲ್ಕರಲ್ಲಿಯೂ ಒಂದೇ ದೊಡ್ಡ ಕಥೆಯ ಕವಲುಗಳನ್ನು ಹರಿಯಬಿಟ್ಟರು. ಹಳೆಯ ದೇವತೆಗಳು ಅಳಿದ ಮೇಲೆ ಹುಟ್ಟಿದ ಹೊಸ ದೇವತೆಗಳ ಎರಡು ಗ್ರಹಗಳ ಯುದ್ಧ ಅದರ ವಸ್ತು. ಮನುಷ್ಯರ ಸ್ವಂತ ಇಚ್ಛೆಯನ್ನೇ ಅಳಿಸಿಹಾಕುವ ಸೂತ್ರಕ್ಕಾಗಿ ಹುಡುಕಾಡುವ ಡಾರ್ಕ್‌ಸೈಡ್ ಎಂಬ ಖಳನ ಮೊದಲ ಪ್ರವೇಶ ಈ ಜಿಮ್ಮಿ ಓಲ್ಸನ್ ಪುಸ್ತಕದಲ್ಲಿಯೇ ಆಯಿತು. ನಿಮ್ಮ ಪ್ರತಿಯಲ್ಲಿ ಅವನಿದ್ದರೆ ಜೋಪಾನವಾಗಿಡಿ.

ಸೂಪರ್‌ಮ್ಯಾನ್ ಆ ಸಂಸ್ಥೆಯ ಮಾರಾಟದ ಮುಖವಾಗಿದ್ದುದರಿಂದ, ಕಿರ್ಬಿಯವರ ಒರಟು ಮುಖ ಓದುಗರಿಗೆ ಹಿಡಿಸದೆಂದು ಹೆದರಿ, ಅಲ್ ಪ್ಲಾಸ್ಟಿನೋ ಮತ್ತು ಮರ್ಫಿ ಆಂಡರ್ಸನ್ ಎಂಬ ಮನೆಯ ಚಿತ್ರಕಾರರಿಂದ ತಲೆಗಳನ್ನು ಮತ್ತೆ ಬರೆಸಿದರು. ಹೆಸರಿಗಾಗಿಯೇ ಕರೆತಂದವರ ಗೆರೆಯನ್ನು ಅಳಿಸುವ ಈ ವ್ಯವಹಾರ ನನಗೆ ಇಂದಿಗೂ ಅರ್ಥವಾಗಿಲ್ಲ. 1972ರಲ್ಲಿ ನ್ಯೂ ಗಾಡ್ಸ್ ಮತ್ತು ಫಾರೆವರ್ ಪೀಪಲ್ ತಲಾ ಹನ್ನೊಂದು ಸಂಚಿಕೆಗಳಿಗೆ ನಿಂತುಹೋದವು, ಮಹಾಕಥೆ ಅರ್ಧಕ್ಕೆ ಉಳಿಯಿತು. ಎಪ್ಪತ್ತರ ದಶಕದ ನಡುವೆ ಅವರು ಮತ್ತೆ ಮಾರ್ವೆಲಿಗೆ ಮರಳಿ ಎಟರ್ನಲ್ಸ್ ಮುಂತಾದವನ್ನು ಬರೆದರು, 1978ರಲ್ಲಿ ಅಲ್ಲಿಂದ ಕೊನೆಯದಾಗಿ ಹೊರಟು ಟೆಲಿವಿಷನ್ ಕಾರ್ಟೂನುಗಳ ವಿನ್ಯಾಸಕ್ಕೆ ಹೋದರು. ಸಂಬಳ ಮತ್ತು ಆರೋಗ್ಯ ವಿಮೆ ಎರಡೂ ನೆಟ್ಟಗೆ ಸಿಕ್ಕಿದ್ದು ಅಲ್ಲಿ.

ಪ್ರಶ್ನೆ: ಒಬ್ಬರು ಪೆನ್ಸಿಲಿನಲ್ಲಿ ಬರೆದದ್ದಕ್ಕೆ ಇನ್ನೊಬ್ಬರು ಶಾಯಿ ಹಾಕಿದರೆ ಶೈಲಿ ಬದಲಾಗುವುದಿಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬದಲಾಗುತ್ತದೆ, ಬಹಳವೇ ಬದಲಾಗುತ್ತದೆ. ಫೆಂಟಾಸ್ಟಿಕ್ ಫೋರ್ ಪುಟಗಳಿಗೆ ಶಾಯಿ ಹಾಕಿದ ಜೋ ಸಿನ್ನಟ್ ಅವರ ಕೈಯಲ್ಲಿ ಯಂತ್ರಗಳು ನುಣುಪಾಗಿ ಹೊಳೆದವು. ಥಾರ್ ಪುಟಗಳಲ್ಲಿ ವಿನ್ಸ್ ಕೊಲೆಟ್ಟಾ ಅವರ ತೆಳು ಗೆರೆಗಳು ಪುರಾಣಕಾಲದ ಒಂದು ಹದ ತಂದವೆಂಬುದು ನಿಜ. ಆದರೆ ಗಡುವಿನ ಅವಸರದಲ್ಲಿ ಅವರು ಹಿನ್ನೆಲೆಯ ಕಟ್ಟಡಗಳನ್ನೂ ಗುಂಪಿನ ಆಕೃತಿಗಳನ್ನೂ ಅಳಿಸಿಬಿಡುತ್ತಿದ್ದುದು ಮೂಲ ಪೆನ್ಸಿಲ್ ಪ್ರತಿಗಳನ್ನು ಹೋಲಿಸಿದಾಗ ಗೊತ್ತಾಗುತ್ತದೆ. ಎಪ್ಪತ್ತರ ದಶಕದ ಮೈಕ್ ರಾಯರ್ ಅವರು ಗೆರೆಗೆ ಗೆರೆ ನಿಷ್ಠರು. ಕಿರ್ಬಿಯವರ ಕೈಯನ್ನು ಕಲಬೆರಕೆಯಿಲ್ಲದೆ ನೋಡಬೇಕೆನ್ನುವವರು ರಾಯರ್ ಶಾಯಿ ಹಾಕಿದ ಸಂಚಿಕೆಗಳಿಂದ ತೊಡಗಲಿ.

ಪ್ರಶ್ನೆ: ಸಾವಿರಾರು ಕೋಟಿಯ ಸಿನಿಮಾಗಳಿಗೆ ಮೂಲವಾದವರಿಗೆ ಸಿಕ್ಕಿದ್ದೇನು?
– ಓದುಗರೊಬ್ಬರು, ಉಡುಪಿ

ಉತ್ತರ: ಬರೆದ ಪುಟಗಳಿಗೆ ಪುಟದ ದರ. ಅದರಾಚೆಗೆ ಪಾತ್ರಗಳ ಮೇಲೆ ಹಕ್ಕಾಗಲಿ, ಲಾಭದ ಪಾಲಾಗಲಿ ಇರಲಿಲ್ಲ. ಎಂಬತ್ತರ ದಶಕದಲ್ಲಿ ಮಾರ್ವೆಲ್ ಹಳೆಯ ಮೂಲ ಚಿತ್ರಗಳನ್ನು ಕಲಾವಿದರಿಗೆ ಹಿಂದಿರುಗಿಸತೊಡಗಿದಾಗ ಉಳಿದವರಿಂದ ಒಂದು ಪುಟದ ಚಿಕ್ಕ ಒಪ್ಪಿಗೆ ಪತ್ರವನ್ನು ಬರೆಸಿಕೊಂಡಿತು. ಕಿರ್ಬಿಯವರ ಮುಂದೆ ಮಾತ್ರ ನಾಲ್ಕು ಪುಟಗಳ ಬಿಗಿಯಾದ ಕರಾರನ್ನು ಇಟ್ಟಿತು. ಸಹ ಕಲಾವಿದರು ಬಹಿರಂಗವಾಗಿ ಅವರ ಪರ ನಿಂತರು. ಕೊನೆಗೆ 1987ರಲ್ಲಿ, ಅವರು ಬರೆದ ಹತ್ತು ಸಾವಿರಕ್ಕೂ ಹೆಚ್ಚು ಪುಟಗಳಲ್ಲಿ ಸುಮಾರು 2,000 ಪುಟಗಳಷ್ಟೇ ಅವರ ಮನೆಗೆ ಬಂದವು.

ಅವರ ಮರಣಾನಂತರ, 2009ರಲ್ಲಿ, ಮಕ್ಕಳು ಹಕ್ಕುಸ್ವಾಮ್ಯವನ್ನು ಮರಳಿ ಪಡೆಯಲು ನೋಟೀಸು ಕೊಟ್ಟರು. ಕಿರ್ಬಿ ಬರೆದದ್ದು ಕೂಲಿಗೆ ಮಾಡಿಕೊಟ್ಟ ಕೆಲಸವೆಂದು 2011ರಲ್ಲಿಯೂ, ಮೇಲ್ಮನವಿಯಲ್ಲಿ 2013ರಲ್ಲಿಯೂ ನ್ಯಾಯಾಲಯಗಳು ಮಾರ್ವೆಲ್ ಪರವಾಗಿ ತೀರ್ಪಿತ್ತವು. ಸುಪ್ರೀಂ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳಬೇಕೇ ಎಂದು ನಿರ್ಧರಿಸುವ ಕೆಲವೇ ದಿನಗಳ ಮುಂಚೆ, 2014ರ ಸೆಪ್ಟೆಂಬರಿನಲ್ಲಿ, ಎರಡೂ ಕಡೆಯವರು ರಾಜಿಯಾದರು. ರಾಜಿಯ ಹಣದ ವಿವರ ಬಹಿರಂಗವಾಗಲಿಲ್ಲ. ಕಿರ್ಬಿಯವರ ಹೆಸರು ಸಹ ಸೃಷ್ಟಿಕರ್ತರೆಂದು ಎದ್ದು ಕಾಣುವಂತೆ ಬರತೊಡಗಿದ್ದು ಆ ಬಳಿಕ.

ಪ್ರಶ್ನೆ: ಕಿರ್ಬಿಯವರು ನಮ್ಮ ದೇವತೆಗಳನ್ನು ಬರೆದಿದ್ದರೆಂದು ಕೇಳಿದ್ದೇನೆ. ನಿಜವೇ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಸುತ್ತು ಬಳಸಿನಲ್ಲಿ ನಿಜ. ರೋಜರ್ ಝೆಲಾಜ್ನಿಯವರ 1967ರ ‘ಲಾರ್ಡ್ ಆಫ್ ಲೈಟ್’ ಎಂಬ ಕಾದಂಬರಿಯಲ್ಲಿ, ದೂರದ ಗ್ರಹವೊಂದಕ್ಕೆ ಹೋಗಿ ನೆಲೆಸಿದ ಮನುಷ್ಯರು ಯಂತ್ರವಿದ್ಯೆಯ ಬಲದಿಂದ ಹಿಂದೂ ದೇವತೆಗಳ ಹೆಸರು ರೂಪಗಳನ್ನು ಧರಿಸಿ ಆಳುತ್ತಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ಇದನ್ನು ಸಿನಿಮಾ ಮಾಡಿ, ಅದರ ಸೆಟ್ಟುಗಳನ್ನೇ ಕೊಲೊರಾಡೋ ರಾಜ್ಯದಲ್ಲಿ ಒಂದು ಮನರಂಜನಾ ಉದ್ಯಾನವಾಗಿ ಉಳಿಸುವ ಯೋಜನೆ ಹುಟ್ಟಿದಾಗ ಕಿರ್ಬಿಯವರು ಅದರ ಕಟ್ಟಡಗಳ ದೊಡ್ಡ ದೊಡ್ಡ ವಿನ್ಯಾಸಗಳನ್ನು ಬರೆದುಕೊಟ್ಟರು, ಶಾಯಿ ಹಾಕಿದವರು ಮೈಕ್ ರಾಯರ್. ಅವು ನಮ್ಮ ಗುಡಿಗಳನ್ನು ಹೋಲುವುದಿಲ್ಲ. ಬ್ರಹ್ಮನ ಲೋಕವಾದರೂ ಥಾರ್ ಕಥೆಗಳ ದೇವಲೋಕವಾದ ಅಸ್ಗಾರ್ಡ್ ಆದರೂ ಅವರ ಕೈಗೆ ಅದು ಕೊಳವೆ, ಗುಂಡಿ, ಗೋಪುರಗಳ ಮಹಾಯಂತ್ರವೇ.

ಸಿನಿಮಾ ಆಗಲಿಲ್ಲ, ಉದ್ಯಾನವೂ ಏಳಲಿಲ್ಲ. ಆದರೆ 1980ರ ಜನವರಿಯಲ್ಲಿ, ಟೆಹ್ರಾನಿನಲ್ಲಿ ಅಡಗಿದ್ದ ಆರು ಮಂದಿ ಅಮೆರಿಕನ್ ರಾಜತಾಂತ್ರಿಕ ಸಿಬ್ಬಂದಿಯನ್ನು ಹೊರತರಲು ಸಿಐಎ ಅಧಿಕಾರಿಗಳು ಸಿನಿಮಾ ತಂಡದ ವೇಷ ಹಾಕಿದಾಗ, ತಾವು ತೆಗೆಯಲಿರುವ ಚಿತ್ರದ್ದೆಂದು ತೋರಿಸಲು ಒಯ್ದ ಕಾಗದಪತ್ರಗಳಲ್ಲಿ ಇದೇ ಯೋಜನೆಯ ಚಿತ್ರಕಥೆಯೂ ಕಿರ್ಬಿಯವರ ವಿನ್ಯಾಸಗಳೂ ಇದ್ದವು. ಆರು ಮಂದಿಯೂ ಸುರಕ್ಷಿತವಾಗಿ ವಿಮಾನ ಹತ್ತಿದರು. ಸಿಐಎ ಈ ಸಂಗತಿಯನ್ನು ಬಹಿರಂಗಪಡಿಸಿದ್ದು 1997ರಲ್ಲಿ. ಕಿರ್ಬಿಯವರು 1994ರ ಫೆಬ್ರವರಿ 6ರಂದೇ, ಕ್ಯಾಲಿಫೋರ್ನಿಯಾದ ಥೌಸೆಂಡ್ ಓಕ್ಸ್ ಎಂಬ ಊರಿನ ತಮ್ಮ ಮನೆಯಲ್ಲಿ ತೀರಿಕೊಂಡಿದ್ದರು.